ಸಾಹೇಬರ ಎರಡನೇ ಮಾತು

ತೀರಿಹೋದವರ ದನಿ ತೆಗೆದು, ಹಸಿದ ಮುದುಕರೊಬ್ಬರಿಗೆ ಮೋಸ ಮಾಡಲು ಹೊರಟವನು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೈಯಲು ಸುಲಭ. ಆತ್ಮ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ದಾವಣಗೆರೆಯ ಗಣಪತಿ ಪೆಂಡಾಲುಗಳಲ್ಲಿ, ಮೈಮೇಲೆ ಬಂದವರ ಕೂಗನ್ನು ಅನುಕರಿಸಿಯೇ ಚಪ್ಪಾಳೆ ಗಿಟ್ಟಿಸಿದವನು. ನನ್ನ ಸ್ವಂತ ದನಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಊರವರದ್ದನ್ನೆಲ್ಲ ಮಾಡಿ ಮಾಡಿ ಅದನ್ನು ಎಲ್ಲಿಟ್ಟೆನೋ ಮರೆತಿದ್ದೇನೆ.

ನನಗೆ ಹೆಸರು ತಂದ ಐಟಂ ಎಂದರೆ ಕ್ಯಾಪ್ಟನ್ ಸಾಹೇಬರು. ಲೋಕಿಕೆರೆ ಕಡೆಯ ರೈತರ ಮಗ; ಗಡಿಯ ಯುದ್ಧದಲ್ಲಿ ಎದೆಗೆ ಗುಂಡು ತಿಂದು, ಶೌರ್ಯ ಪದಕ ಪಡೆದು, ಮುಂದೆ ಮಂತ್ರಿಯಾದವರು. ಗುಂಡಿನ ಚೂರೊಂದು ಒಳಗೇ ಉಳಿದಿದ್ದರಿಂದ ಮಾತಿನ ನಡುವೆ ಅವರ ಉಸಿರು ಒಮ್ಮೆ ಕಡಿಯುತ್ತಿತ್ತು. ಆನೆಕೊಂಡದ ಒಂದು ಸಮಾರಂಭದಲ್ಲಿ ಅವರೆದುರೇ ಅದನ್ನು ಮಾಡಿ ತೋರಿಸಿದೆ. ಸಂಘಟಕರು ಬೆವೆತರು. ಸಾಹೇಬರು ಹೊಟ್ಟೆ ಹಿಡಿದು ನಕ್ಕು, ಹತ್ತಿರ ಕರೆದರು: "ಎಲ್ಲಾ ಸರಿ ಐತೋ ತಮ್ಮಾ. ಉಸಿರು ಮಾತ್ರ ತಪ್ಪು ಜಾಗದಾಗ ಕಡೀತೀಯ. ಮನೀಗೆ ಬಾ, ಕಲಿಸ್ತೀನಿ."

ಹರಿಹರದ ಅವರ ಮನೆಗೆ ಹೋಗಿ ಹೋಗಿ ಎಲ್ಲ ಕಲಿತೆ, ಉಸಿರೊಂದನ್ನು ಬಿಟ್ಟು. ಪದಕ ತೋರಿಸಿ ಎಂದರೆ, "ಅದು ಮಲ್ಲಪ್ಪನ ಟ್ರಂಕಿನಾಗೈತೆ, ಅವನ್ನ ಕೇಳು" ಎನ್ನುತ್ತಿದ್ದರು. ಮಲ್ಲಪ್ಪಜ್ಜ ಅವರ ಪಲ್ಟನ್ನಿನ ಸಿಪಾಯಿ. ಯುದ್ಧ ಮುಗಿದ ಮೇಲೂ ಅವರ ಜೊತೆಯೇ ಉಳಿದವರು. ಜವಾನರು ಉಂಡ ಮೇಲೆಯೇ ಅಧಿಕಾರಿ ಉಣ್ಣಬೇಕೆಂಬ ಸೈನ್ಯದ ರೂಢಿಯನ್ನು ಸಾಹೇಬರು ಮಂತ್ರಿಯಾದರೂ ಬಿಡಲಿಲ್ಲ. ಪ್ರವಾಸಿ ಮಂದಿರದಲ್ಲಿ ಡ್ರೈವರು, ಗನ್‌ಮ್ಯಾನು ಹೋಳಿಗೆ ಹೊಡೆಯುವಾಗ ದೊಡ್ಡ ದೊಡ್ಡ ಅಧಿಕಾರಿಗಳು ಖಾಲಿ ತಟ್ಟೆ ಹಿಡಿದು ನಿಂತಿದ್ದನ್ನು ನಾನೇ ಕಂಡಿದ್ದೇನೆ. ಮನೆಯಲ್ಲೂ ಅಷ್ಟೇ: "ಮಲ್ಲಪ್ಪಾ, ಊಟ ಮಾಡು" ಎಂದು ಕೋಣೆಯಿಂದ ಕೂಗಿ, ಅಜ್ಜ ಉಂಡೆದ್ದ ಮೇಲೆಯೇ ತಾವು ಕೂರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಸಾಹೇಬರು ತೀರಿಕೊಂಡರು. ಮಣ್ಣು ಮಾಡಿ ಬಂದಾಗಿನಿಂದ ಮಲ್ಲಪ್ಪಜ್ಜ ಅನ್ನ ಮುಟ್ಟಲಿಲ್ಲ. "ಸಾಹೇಬ್ರು ಕೂಗ್ಲಿ, ಉಣ್ತೀನಿ" ಎಂದು ಜಗುಲಿಯ ಗೋಡೆಗೆ ಒರಗಿ ಕೂತುಬಿಟ್ಟರು. ಹೀಗೇ ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಸಾಹೇಬರ ಹೆಂಡತಿ, ನಾವೆಲ್ಲ ಅಮ್ಮಾರು ಎನ್ನುವವರು, ನನಗೆ ಫೋನ್ ಮಾಡಿ ಅತ್ತರು. ಉಪಾಯ ನನ್ನದೇ. "ಚಿಂತಿ ಬ್ಯಾಡ್ರಿ ಅಮ್ಮಾರೆ, ನಾನೇ ಕೂಗ್ತೀನಿ" ಎಂದೆ.

ಮಧ್ಯಾಹ್ನದ ಬಿಸಿಲು. ಸಾಹೇಬರ ಕೋಣೆಯ ಕಿಟಕಿ ಮರೆಯಲ್ಲಿ ನಿಂತೆ. ಜಗುಲಿಯಲ್ಲಿ ಅಮ್ಮಾರು ಅಜ್ಜನ ಮುಂದೆ ರೊಟ್ಟಿ, ಪಲ್ಯ ಇಟ್ಟರು. ಗಂಟಲು ಸರಿಮಾಡಿಕೊಂಡು ಕೂಗಿದೆ: "ಮಲ್ಲಪ್ಪಾ... ಊಟ ಮಾಡು." ಅಜ್ಜ ತಲೆಯೆತ್ತಿದರು. ಮತ್ತೆ ಗೋಡೆಯ ಕಡೆಗೇ ಮುಖ ತಿರುಗಿಸಿದರು.

ನಾನು ತಾಲೀಮು ಮಾಡಿ ಬಂದಿದ್ದು ಅದೊಂದೇ ಮಾತು. ಅಷ್ಟರಲ್ಲಿ ಎದೆಯನ್ನು ಯಾರೋ ಒಳಗಿನಿಂದ ಹಿಡಿದಂತಾಯಿತು. ಬಾಯಿ ತಾನಾಗಿ ತೆರೆಯಿತು: "ಮಲ್ಲ್ಯಾ, ಅರ್ಧ ನಿಂದು, ಅರ್ಧ... ನಂದು. ನಿಂದು ಮುಗೀಲಿ ಮೊದ್ಲು."

ಅಜ್ಜ ನೆಟ್ಟಗೆ ಕೂತರು. ರೊಟ್ಟಿಯನ್ನು ಎರಡಾಗಿ ಮುರಿದು, ಒಂದನ್ನು ತಟ್ಟೆಯ ಅಂಚಿಗೆ ಸರಿಸಿ, ಇನ್ನೊಂದನ್ನು ಅಳುತ್ತಳುತ್ತ ತಿಂದರು.

ಆ ಮಾತನ್ನು ಅಮ್ಮಾರು ಎಂದೂ ಕೇಳಿರಲಿಲ್ಲವಂತೆ. ಹಿಮದ ಗುಡ್ಡದ ಮೇಲೆ, ಗುಂಡು ಬಿದ್ದ ಎದೆ ಹಿಡಿದುಕೊಂಡೇ, ಉಳಿದಿದ್ದ ಒಂದೇ ರೊಟ್ಟಿ ಮುರಿದು ಸಾಹೇಬರು ಆಡಿದ ಮಾತು ಅದು, ಇಬ್ಬರೂ ಯಾರಿಗೂ ಹೇಳಿಲ್ಲ ಎಂದರು ಅಜ್ಜ. ಹಾಗಾದರೆ ನನ್ನ ಬಾಯಿಗೆ ಎಲ್ಲಿಂದ ಬಂತು? ಸಾಹೇಬರೇ ಎಂದಾದರೂ ಅಂದಿದ್ದರೇ? ನೆನಪೆಲ್ಲ ಕೆದಕಿದ್ದೇನೆ, ಸಿಕ್ಕಿಲ್ಲ. ಆಮೇಲೆ ಎಷ್ಟು ತಾಲೀಮು ಮಾಡಿದರೂ ಉಸಿರು ಆ ಜಾಗದಲ್ಲಿ ಕಡಿಯುತ್ತಿಲ್ಲ.

ಅವತ್ತು ಸಂಜೆಯೇ ಮನಸ್ಸು ತಡೆಯದೆ ಅಜ್ಜನ ಕಾಲು ಹಿಡಿದೆ. "ಅಜ್ಜಾರೆ, ಕೂಗಿದ್ದು ನಾನ್ರಿ. ತಪ್ಪಾತು."

ಅಜ್ಜ ಮೀಸೆಯಲ್ಲೇ ನಕ್ಕರು. "ಮೊದಲ್ನೇದು ನೀನಂತ ಆಗ್ಲೇ ಗೊತ್ತಾತು, ಉಸಿರು ತಪ್ಪು ಜಾಗದಾಗ ಕಡಿದಿದ್ದೆ. ಎರಡ್ನೇದು ಸಾಹೇಬ್ರದು. ಅದನ್ನೂ ನಂದು ಅಂತೀಯಲ್ಲೋ, ನಾಚಿಕಿ ಆಗಲ್ಲೇನು?"