ಇನ್ಶಿರಾ ಕೊಡದ ಪೊಟ್ಟಣ

ತಾಂತಾ ಊರಿನ ಆ ಬೀದಿಯಲ್ಲಿ ಗಂಟಲು ಕೆರೆದರೆ ಸಾಕು, ಜನ ಔಷಧಿ ಅಂಗಡಿಗೆ ಬಂದು ಶೀತದ ಪೊಟ್ಟಣ ಕೇಳುತ್ತಾರೆ. ನಾಲ್ಕು ಬಿಡಿ ಮಾತ್ರೆ, ಅದರಲ್ಲೊಂದು ಆ್ಯಂಟಿಬಯಾಟಿಕ್, ಕಾಗದದಲ್ಲಿ ಸುತ್ತಿ ಕೊಟ್ಟರೆ ಮುಗಿಯಿತು. ಅಂಗಡಿಯ ಔಷಧಿಗಾರ್ತಿ ಇನ್ಶಿರಾ ಮಾತ್ರ ಕೊಡುವವಳಲ್ಲ. ಚಿಕ್ಕಂದಿನಲ್ಲಿ ಅವಳ ತಮ್ಮನ ಗಂಟಲುನೋವಿಗೂ ಅಪ್ಪ ಇಂಥದೇ ಪೊಟ್ಟಣ ತರುತ್ತಿದ್ದ. ನೋವು ಅಡಗಿತು, ಗಂಟಲಲ್ಲಿ ಸಾಯದೆ ಉಳಿದ ಕ್ರಿಮಿಯಿಂದ ಹೃದಯ ಕೆಟ್ಟಿತು. ತಮ್ಮ ಇವತ್ತಿಗೂ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ.

ಅಂಗಡಿ ಮೆಟ್ಟಿಲ ಬಳಿ ಮೂಲಂಗಿ ಮಾರುವ ಮುದುಕಿ ಉಮ್ಮ್ ಶಿಹ್ತಾಳ ಗಂಟಲು ಕಟ್ಟಿದ ದಿನ ದೊಡ್ಡ ರಂಪವೇ ಆಯಿತು.

"ಕೂಗದೇ ಇದ್ರೆ ನನ್ನ ಮೂಲಂಗಿ ಯಾರು ತಗೋತಾರೆ? ಪೊಟ್ಟಣ ಕೊಡೇ!"

"ಕೆಮ್ಮು ಇದೆ, ಮೂಗು ಸೋರ್ತಿದೆ. ಇದು ನೆಗಡಿ ಗಂಟಲು, ಖಾಲಾ. ಆ ಮಾತ್ರೆ ಇದಕ್ಕೆ ನಾಟಲ್ಲ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ಸೀಬೆ ಎಲೆ ಕಷಾಯಕ್ಕೆ ಜೇನು ಹಾಕಿ ಕುಡೀರಿ, ಬಾಯಿ ಮುಚ್ಕೊಂಡಿರಿ."

"ಇದಕ್ಕಾ ನಿಮ್ಮಪ್ಪ ನಿನ್ನ ಓದಿಸಿದ್ದು? ಕಷಾಯ ನಮ್ಮಜ್ಜಿನೂ ಕೊಡ್ತಿದ್ಲು!"

ವಾರದೊಳಗೆ ದನಿ ಮರಳಿತು. ಅಂದಿನಿಂದ ಬೀದಿಗೆಲ್ಲ ಮುದುಕಿಯದೇ ಕಷಾಯದ ಉಪದೇಶ. ಇನ್ಶಿರಾ ಒಳಗೊಳಗೇ ಬೀಗಿದಳು. ಬೀಗಬಾರದಿತ್ತು.

ತಿಂಗಳ ನಂತರ ಒಂದು ಬೆಳಿಗ್ಗೆ ಮುದುಕಿಯ ಆರು ವರ್ಷದ ಮೊಮ್ಮಗಳು ಬಸೀಮಾ, ಅಜ್ಜಿಯ ಪಕ್ಕ ಮುದುಡಿ ಕೂತಿದ್ದಳು. ಮೈ ಕೆಂಡ. ಉಗುಳು ನುಂಗಲೂ ಅಳು.

"ಮೂರು ದಿನದಿಂದ ಬರೀ ಕಷಾಯ ಕಣೇ, ಒಂದು ಮಾತ್ರೆನೂ ಮುಟ್ಟಿಸಿಲ್ಲ!" ಅಜ್ಜಿಗೆ ಹೆಮ್ಮೆ.

"ಕೆಮ್ಮು?"

"ಇಲ್ಲ."

"ನೆಗಡಿ?"

"ಅದೂ ಇಲ್ಲ."

ಬಾಯಿ ತೆರೆಸಿದರೆ ಗಂಟಲಲ್ಲಿ ಬಿಳಿ ಕೀವು. ಅರ್ಧ ಪಾಠ ಹೇಳಿಕೊಟ್ಟವಳು ಇನ್ಶಿರಾಳೇ; ಕೆಮ್ಮು, ನೆಗಡಿ ಇಲ್ಲದ ಗಂಟಲುನೋವಿನ ಮಾತು ಎತ್ತಿರಲೇ ಇಲ್ಲ. ಅಂಗಡಿ ಬಾಗಿಲೆಳೆದು, ಮಗುವನ್ನೆತ್ತಿಕೊಂಡು ವೈದ್ಯರ ಬಳಿಗೆ ಓಡಿದಳು. ಅವರು ಗಂಟಲ ಪರೀಕ್ಷೆ ಮಾಡಿಸಿ, ಹತ್ತು ದಿನದ ಆ್ಯಂಟಿಬಯಾಟಿಕ್ ಬರೆದರು.

ಮೂರನೆಯ ದಿನಕ್ಕೇ ಮಗು ಕುಣಿಯತೊಡಗಿತು. ಮುದುಕಿ ಉಳಿದ ಔಷಧಿಯನ್ನು ಮುಂದಿನ ಸಲಕ್ಕೆಂದು ಜೋಪಾನವಾಗಿ ಎತ್ತಿಟ್ಟಳು.

"ಖಾಲಾ, ಜ್ವರ ಹೋಗಿದೆ, ಕ್ರಿಮಿ ಹೋಗಿಲ್ಲ. ನಿಮ್ಮ ಕೈಗೆ ಮುತ್ತಿಡ್ತೀನಿ, ಹತ್ತೂ ದಿನ ಕೊಡಿ. ನನ್ನ ತಮ್ಮನ ಥರ ಇವಳೂ ಆಗೋದು ಬೇಡ."

ಇನ್ಶಿರಾಳ ಕಣ್ಣು ತುಂಬಿದ್ದನ್ನು ಕಂಡು ಉಮ್ಮ್ ಶಿಹ್ತಾ ಎತ್ತಿಟ್ಟಿದ್ದ ಬಾಟಲಿಯನ್ನು ಮತ್ತೆ ಹೊರತೆಗೆದಳು.

ಹನ್ನೊಂದನೆಯ ದಿನ ಯಾರೋ ಬಂದು ಪೊಟ್ಟಣ ಕೇಳಿದರು. ಇನ್ಶಿರಾ ಬಾಯಿ ತೆರೆಯುವ ಮೊದಲೇ ಮೆಟ್ಟಿಲಿಂದ ಗದರಿಕೆ ಬಂತು.

"ಕೆಮ್ಮು ಇದ್ಯೇನೋ? ಇದ್ರೆ ಉಪ್ಪುನೀರು. ಇಲ್ವಾ? ಹಾಗಾದ್ರೆ ಬಾಯಿ ತೆಗಿ, ನಮ್ಮ ಡಾಕ್ಟ್ರಮ್ಮ ನೋಡ್ಲಿ!"

ಪಕ್ಕದಲ್ಲಿ ಬಸೀಮಾ ಖಾಲಿಯಾದ ಔಷಧಿ ಬಾಟಲಿಗೆ ಮೂಲಂಗಿ ಸೊಪ್ಪು ಸಿಕ್ಕಿಸಿ ಆಡುತ್ತಿದ್ದಳು.