ಬಸ್ಸು ತಪ್ಪಿಸುವ ಅಂಗಡಿ

ಅಂಬಿಕಾ ಹುಟ್ಟಿದ್ದು ಮಸ್ಕಿಯಲ್ಲಿ. ಚಿಕ್ಕಂದಿನಲ್ಲಿ ಅವಳು ತಿಂದ ಬೈಗುಳವೆಲ್ಲ ಒಂದೇ ಕಾರಣಕ್ಕೆ: ದನಿ ದೊಡ್ಡದು. ಹಿತ್ತಲಲ್ಲಿ ನಿಂತು ತಮ್ಮನನ್ನು ಕೂಗಿದರೆ ಗುಡ್ಡದ ಬುಡದಲ್ಲಿ ಆಡುತ್ತಿದ್ದ ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು. "ಮೆಲ್ಲಕ ಮಾತಾಡಬೇ, ನಾಳೆ ಅತ್ತಿ ಮನ್ಯಾಗ ಏನಂದಾರು" ಎಂದು ಅವ್ವ ಗದರುತ್ತಿದ್ದಳು. ಲಿಂಗಸೂಗೂರಿನ ಶಿವರಾಜನನ್ನು ಮದುವೆಯಾಗಿ ಬಂದ ಮೇಲೆ ಅಂಬಿಕಾ ದನಿ ತಗ್ಗಿಸುವುದನ್ನು ಕಲಿತಳು. ಎಷ್ಟರಮಟ್ಟಿಗೆ ಕಲಿತಳೆಂದರೆ, ಅಂಗಡಿಗೆ ಬಂದವರು "ಏನಂದ್ರಿ?" ಎಂದು ಮತ್ತೆ ಕೇಳಬೇಕಾಗುತ್ತಿತ್ತು.

ಅಂಗಡಿ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ, ಒಂದು ಚಹಾದ ಹೋಟೆಲಿನ ಮಗ್ಗುಲಿಗಿತ್ತು. ಮಾವ ಇದ್ದಾಗ ಪಾಟಿ, ಪೆನ್ಸಿಲು, ನೋಟುಪುಸ್ತಕ ಮಾರುತ್ತಿದ್ದರು. ಅವರು ತೀರಿಕೊಂಡ ಮೇಲೆ ಶಿವರಾಜ ವೈರಿಂಗ್ ಕೆಲಸ ಬಿಟ್ಟು ಅಲ್ಲಿ ಕೂರಲು ಒಪ್ಪಲಿಲ್ಲ, ಬಿ.ಎ. ಓದಿದ ಅಂಬಿಕಾ ಕೂತಳು. ಪರೀಕ್ಷೆಯ ಗೈಡುಗಳು, ನೌಕರಿಗೆ ಓದುವವರ ಪುಸ್ತಕಗಳು ಕೆಲವು ವರ್ಷ ಚೆನ್ನಾಗಿಯೇ ಹೋದವು. ಆಮೇಲೆ ಹುಡುಗರು ಎಲ್ಲವನ್ನೂ ಫೋನಿನಲ್ಲೇ ಓದತೊಡಗಿದರು, ಬೇಕಾದ್ದನ್ನು ಫೋನಿನಲ್ಲೇ ತರಿಸತೊಡಗಿದರು. ಅಂಗಡಿಯ ಹಿಂದಿನ ಗೋಡೆಗೆ ಅಂಬಿಕಾ ತನ್ನ ಆಸೆಗೆಂದು ತರಿಸಿಟ್ಟ ಕತೆ, ಕಾದಂಬರಿಗಳ ಒಂದು ಸಾಲಿತ್ತು, ಒಂದೊಂದರ ಹಲವು ಪ್ರತಿಗಳೊಂದಿಗೆ. ಅವುಗಳನ್ನು ಕೊಂಡವರು ಕಡಿಮೆ, ಓದಿದವಳು ಅವಳೊಬ್ಬಳೇ.

ಶಿವರಾಜನ ಅಣ್ಣ ಗಂಗಾಧರ ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟು ಗಟ್ಟಿಯಾಗಿ ನಿಂತವನು. ಲಿಂಗಸೂಗೂರಿನಲ್ಲೂ ಒಂದು ತೆರೆಯಬೇಕೆಂದು ಅವನ ಕಣ್ಣು ಈ ಜಾಗದ ಮೇಲೆ ಬಿತ್ತು. ಆಷಾಢದಲ್ಲಿ ಬಂದವನು ಅಂಗಡಿಯ ನಡುವೆ ನಿಂತು ಸುತ್ತ ನೋಡಿ ಹೇಳಿದ: "ನೊಣ ಹೊಡಕೋತ ಎಷ್ಟು ದಿನ ಕುಂದರ್ತೀಯವ್ವಾ? ದೀಪಾವಳಿ ಆದ ಮ್ಯಾಲೆ ಖಾಲಿ ಮಾಡಿ ಕೊಡು. ನಿನಗೂ ಸುಖ."

ಜಾಗ ಮನೆತನದ್ದು. ಅಂಬಿಕಾ ತಲೆ ತಗ್ಗಿಸಿ "ಹೂಂ ರೀ ಭಾವಾರ" ಎಂದಳು. ಅವನು ಹೋದ ಮೇಲೆ ಹಿಂದಿನ ಗೋಡೆಯ ಪುಸ್ತಕಗಳ ಧೂಳನ್ನು ಒಂದೊಂದಾಗಿ ಒರೆಸಿಟ್ಟಳು.

ಅದಾದ ಕೆಲವು ದಿನಗಳಿಗೆ, ಒಂದು ಮಧ್ಯಾಹ್ನ, ಖಾತೂನ್‌ಬೀ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಚಿನ್ನದ ಗಣಿಯ ಊರು ಹಟ್ಟಿಯಲ್ಲಿ ಮನೆಮನೆಗೆ ಹೋಗಿ ಬಳೆ ಇಡಿಸುವ ಹೆಂಗಸು. ಲಿಂಗಸೂಗೂರಿಗೆ ಮಾಲು ಒಯ್ಯಲು ಬಂದಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು, ಹೊರಗೆ ಬಿಸಿಲು ಸುಡುತ್ತಿತ್ತು. ಬಳೆಯ ಗಂಟನ್ನು ಇಳಿಸಿ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಬಿಕಾ ಕುಡಿಯಲು ನೀರು ಕೊಟ್ಟು ಮತ್ತೆ ತನ್ನ ಪುಸ್ತಕಕ್ಕೆ ಮರಳಿದಳು.

"ಏನು ಓದಾಕತ್ತೀ ಬೇಟಿ, ಮೈ ಮರತು?"

"ಕತಿ ಪುಸ್ತಕ ರೀ ಅಮ್ಮಾರ."

"ಹಂಗಾರ ನನಗೂ ಕೇಳಿಸು. ಬಸ್ಸು ಬರೋತನ ನಾ ಏನು ಮಾಡ್ಲಿ?"

ಅಂಬಿಕಾ ಮೊದಲ ಪುಟ ತೆರೆದು ಓದತೊಡಗಿದಳು. ಎರಡು ಸಾಲು ಮುಗಿಯುವುದರೊಳಗೆ ಖಾತೂನ್‌ಬೀ ಕೈಯೆತ್ತಿದಳು. "ಏ, ಇರಿವಿ ಕಿವ್ಯಾಗ ಹೇಳ್ದಂಗ ಓದ್ತೀಯಲ್ಲ! ದನಿ ತೆಗಿ!"

ಹುಟ್ಟಿದಾಗಿನಿಂದ ಅಂಬಿಕಾಗೆ ಯಾರೂ ಹಾಗೆ ಹೇಳಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು ದನಿ ತೆಗೆದಳು. ಅದು ನದಿ ದಾಟಿಸುವ ಅಂಬಿಗನ ಹೆಂಡತಿಯ ಕತೆ. ಗಂಡ ಪ್ರವಾಹದಲ್ಲಿ ಕಾಣೆಯಾಗುತ್ತಾನೆ. ಹೊಟ್ಟೆಪಾಡಿಗೆ ಅವಳೇ ಹರಿಗೋಲು ಹಿಡಿಯುತ್ತಾಳೆ. ಒಂದು ಸಂಜೆ ಆಚೆ ದಡಕ್ಕೆ ಹೋಗಬೇಕೆಂದು ಬಂದ ಮುದುಕನ ಬೆರಳಿನಲ್ಲಿ ತನ್ನ ಗಂಡನ ಉಂಗುರ ಕಾಣುತ್ತಾಳೆ. ಓದುತ್ತ ಅಂಬಿಕಾ ತಾನೇ ಹರಿಗೋಲು ಹಿಡಿದವಳಂತಾದಳು. ಪಕ್ಕದ ಹೋಟೆಲಿನ ಅಯ್ಯಪ್ಪ ಚಹಾ ಸೋಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಅಷ್ಟರಲ್ಲಿ ಹಟ್ಟಿಯ ಬಸ್ಸು ಹಾರ್ನು ಹೊಡೆದು ಹೊರಟೇ ಹೋಯಿತು.

"ಅಮ್ಮಾರ, ನಿಮ್ಮ ಬಸ್ಸು!"

"ಹೋಗ್ಲಿ ಬಿಡು, ಮತ್ತೊಂದು ಬರ್ತೈತಿ. ಆ ಮುದುಕಗ ಉಂಗುರ ಎಲ್ಲಿಂದ ಬಂತು, ಅದನ್ನ ಹೇಳು."

ಅಂಬಿಕಾ ಪುಸ್ತಕ ಮುಚ್ಚಿದಳು. ಯಾಕೆ ಮುಚ್ಚಿದಳೋ ಅವಳಿಗೇ ತಿಳಿಯಲಿಲ್ಲ. "ಅದು ಮುಂದೈತ್ರಿ" ಎಂದಳು.

ಖಾತೂನ್‌ಬೀ ಅವಳನ್ನು ದಿಟ್ಟಿಸಿ ನೋಡಿ, ಜೋರಾಗಿ ನಕ್ಕುಬಿಟ್ಟಳು. "ಭಾರಿ ಶಾಣ್ಯಾಕಿ ಅದೀ! ಕಟ್ಟು ಅದನ್ನ. ನನಗ ಓದಾಕ ಬರಂಗಿಲ್ಲ, ಮನ್ಯಾಗ ಸೊಸಿ ಮಕ್ತುಂಬೀ ಹತ್ತನೇತಿ ಕಲ್ತಾಳ. ನನ್ನ ಜೋಡಿ ಮಾತು ಕಡಿಮಿ. ಓದಿಯಾದ್ರೂ ಹೇಳ್ತಾಳೇನು ನೋಡೂಣು."

ಮುಂದಿನ ಸಂತೆಯ ದಿನ ಅವಳು ಮತ್ತೆ ಬಂದಳು, ಮುಖ ಸಿಂಡರಿಸಿಕೊಂಡು. ಪುಸ್ತಕ ಹಿಡಿಸಲಿಲ್ಲವೇನೋ ಎಂದು ಅಂಬಿಕಾ ಹೆದರಿದಳು.

"ಎಂಥಾ ಫಜೀತಿ ತಂದಿಟ್ಟಿ ಬೇಟಿ! ಸೊಸಿ ದಿನಾ ಒಂದಿಷ್ಟು ಓದಿ, ನಮ್ಮ ಮಾತಿನಾಗ ತಿಳಿಸಿ ಹೇಳ್ತಾಳ. ಬರೋಬ್ಬರಿ ಛಲೋ ಜಾಗಕ್ಕ ಬಂದು ನಿಂದರಸ್ತಾಳ. 'ಅಮ್ಮೀ, ಭಾಂಡೆ ಬಿದ್ದಾವು, ತೊಳದು ಬರ್ತೀನಿ' ಅಂತಾಳ. ಅಲ್ಲಿತನ ಯಾರು ಕಾಯಬೇಕು? ಅದಕ್ಕ ಭಾಂಡೆ ನಾನೇ ತೊಳಿಯಾಕತ್ತೀನಿ!"

ಅಂಬಿಕಾ ನಗು ತಡೆಯಲಾರದೆ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿಬಿಟ್ಟಳು. ಖಾತೂನ್‌ಬೀಯ ಸಿಡುಕು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಈಗ ಅಕಿ ನನ್ನ ಬಾಜೂಕ ಬಂದು ಕುಂದರ್ತಾಳ, ಬೇಟಿ" ಎಂದು ಮೆಲ್ಲಗೆ ಸೇರಿಸಿದಳು. "ಇನ್ನೊಂದು ಕೊಡು. ಓಣಿ ಹೆಂಗಸರೂ ಕೇಳಾಕತ್ತ್ಯಾರ."

ಅವತ್ತಿನಿಂದ ಅಂಬಿಕಾ ಐತವಾರದ ಮಧ್ಯಾಹ್ನಗಳಲ್ಲಿ ಅಂಗಡಿಯ ಮುಂದೆ ಚಾಪೆ ಹಾಸಿ ಗಟ್ಟಿಯಾಗಿ ಓದತೊಡಗಿದಳು. ಬಸ್ಸಿಗೆ ಕಾಯುವವರು ಮೊದಲು ದೂರ ನಿಂತು ಕೇಳಿದರು, ಆಮೇಲೆ ಬಂದು ಕೂತರು. ಜವಳಗೇರಾದ ಭತ್ತದ ರೈತನೊಬ್ಬ ಹೆಂಡತಿಗೆಂದು ಪುಸ್ತಕ ಒಯ್ದು, ತಾನೇ ಮೊದಲು ಮುಗಿಸಿ ಬಂದ. ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ನರ್ಸು ಶೆಫಾಲಿ ಅಂಬಿಗನ ಹೆಂಡತಿಯ ಕತೆ ಕೇಳಿ, "ನಮ್ಮ ಅಜ್ಜಿ ಬಿಟ್ಟುಬಂದ ಹೊಳಿ ಹಿಂಗೇ ಇತ್ತಂತ್ರಿ" ಎಂದು ಕಣ್ಣೊರೆಸಿಕೊಂಡಳು. ಅಜ್ಜಿಗೆ ಓದಿ ಹೇಳಬೇಕೆಂದು ಪ್ರತಿಯನ್ನು ಎದೆಗವಚಿಕೊಂಡು ಹೋದಳು. ಸಿಂಧನೂರಿನ ಬಸ್ಸು, ಮಸ್ಕಿಯ ಬಸ್ಸು, ಎಲ್ಲವನ್ನೂ ಜನ ತಪ್ಪಿಸಿಕೊಳ್ಳುತ್ತಿದ್ದರು. ಕಂಡಕ್ಟರುಗಳು ಅದಕ್ಕೆ ಬಸ್ಸು ತಪ್ಪಿಸುವ ಅಂಗಡಿ ಎಂದು ಹೆಸರಿಟ್ಟರು.

ಗಂಗಾಧರನಿಗೆ ಮಾತ್ರ ಇದು ಸರಿಬರಲಿಲ್ಲ. ದೀಪಾವಳಿಗೆ ವಾರ ಮೊದಲು ಬಂದು, "ಕತಿ ಹೇಳಿದ್ರ ಸಂಸಾರ ನಡಿತೈತೇನು? ಹಬ್ಬದ ಮರುದಿನ ಟೆಂಪೋ ತರ್ತೀನಿ" ಎಂದ.

ಅಂಬಿಕಾ ಈ ಸಲ ತಲೆ ತಗ್ಗಿಸಲಿಲ್ಲ. "ಹಬ್ಬದ ಮರುದಿನ ಯಾಕ್ರೀ ಭಾವಾರ, ಈ ಐತಾರನ ತರ್ರಿ. ಹಟ್ಟಿ ಹೆಂಗಸರು ಕತಿ ಓದಾಕ ನನ್ನ ಕರದಾರ. ಇದ್ದ ಕತಿ ಪುಸ್ತಕ ಎಲ್ಲಾ ಮಾರಾಕ ಒಯ್ಯೂಣು. ಹೋದ ಮಾಲು ಹಂಗ ವಾಪಸ್ ಬಂತಂದ್ರ ಅವತ್ತೇ ಕೀಲಿ ನಿಮ್ಮ ಕೈಗೆ."

ಗಂಗಾಧರ ಅಲ್ಲೇ ಇದ್ದ ಶಿವರಾಜನ ಮುಖ ನೋಡಿದ. ಶಿವರಾಜ, "ಅಕಿ ಅಂದಿದ್ದೇ ನನ್ನ ಮಾತು, ಅಣ್ಣಾ" ಎಂದ. ಗೆಲುವು ತನ್ನದೇ ಎಂಬ ಧೈರ್ಯದಲ್ಲಿ ಗಂಗಾಧರ ಒಪ್ಪಿದ.

ಐತವಾರ ಹಟ್ಟಿಯ ಸಮುದಾಯ ಭವನ ಕಿಕ್ಕಿರಿದಿತ್ತು. ಖಾತೂನ್‌ಬೀ ಬಳೆ ಇಡಿಸಿದ ಕೈಗಳೆಲ್ಲ ಅಲ್ಲಿ ಸೇರಿದ್ದವು. ಮೊದಲ ಪಾಳಿ ಮುಗಿಸಿ ಬಂದ ಗಣಿ ಕೆಲಸಗಾರರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮಕ್ತುಂಬೀ ಬಾಗಿಲ ಬಳಿ ಮೇಜು ಹಾಕಿ ಪುಸ್ತಕ ಜೋಡಿಸಿದ್ದಳು. ಅಂಬಿಕಾ ಮೈಕಿನ ಮುಂದೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು, ಗದ್ದಲ ಎದ್ದಿತು. "ಇನ್ನೊಂದು ದಿನ ಇಟ್ಕೊಳ್ಳೂಣು" ಎಂದು ಯಾರೋ ಅಂದರು. ಗಂಗಾಧರ ಆಗಲೇ ಪುಸ್ತಕದ ಡಬ್ಬಿಗೆ ಕೈ ಹಾಕಿದ್ದ.

ಅಂಬಿಕಾ ಬೆಂಚಿನ ಮೇಲೆ ಹತ್ತಿದಳು. ಮಸ್ಕಿಯ ಹಿತ್ತಲಲ್ಲಿ ನಿಂತು ತಮ್ಮನನ್ನು ಕೂಗುತ್ತಿದ್ದ ಆ ದನಿಯನ್ನು, ವರ್ಷಗಟ್ಟಲೆ ಅದುಮಿಟ್ಟಿದ್ದನ್ನು, ಪೂರ್ತಿಯಾಗಿ ಬಿಟ್ಟಳು.

ಅವಳು ಓದಿದ್ದು ಊರವರೆಲ್ಲ ಖಾಲಿ ಎಂದುಕೊಂಡಿದ್ದ, ಕೀಲಿ ಹಾಕಿದ ಮನೆಯೊಂದರ ಕತೆ. ಮೊದಲ ವಾಕ್ಯ ಭವನದ ಕೊನೆಯ ಗೋಡೆಗೆ ಹೋಗಿ ತಾಕಿತು. ಗದ್ದಲ ಅಡಗಿತು. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಗೆ ಬಂದರು. ಕೀಲಿ ಹಾಕಿದ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುವ ಜಾಗಕ್ಕೆ ಬಂದಾಗ ಅಂಬಿಕಾ ಪುಸ್ತಕ ಮುಚ್ಚಿ ಬೆಂಚಿನಿಂದ ಇಳಿದಳು.

ಭವನವೇ ಕೂಗಿತು. "ಒಳಗ ಯಾರದಾರ?" "ಮುಂದ ಓದ್ರಿ!" ಮಕ್ತುಂಬೀ ಅದಕ್ಕಿಂತ ಜೋರಾಗಿ, "ಮುಂದಿಂದು ಇಲ್ಲೈತಿ ಬರ್ರಿ!" ಎಂದು ಪುಸ್ತಕ ಎತ್ತಿ ತೋರಿಸಿದಳು. ಜನ ಮೇಜಿಗೆ ಮುಗಿಬಿದ್ದರು. ಆ ಕಾದಂಬರಿ ಮುಗಿಯಿತು, ಅದರ ಬೆನ್ನಿಗೆ ಉಳಿದವೂ ಹೋದವು. ಕರೆಂಟು ಬಂದಾಗ ಮೇಜಿನ ಮೇಲೆ ಹಾಸಿದ ಬಟ್ಟೆ ಮಾತ್ರ ಇತ್ತು.

ಖಾಲಿ ಟೆಂಪೋದಲ್ಲಿ ಲಿಂಗಸೂಗೂರಿಗೆ ಮರಳುವಾಗ ಗಂಗಾಧರನೇ ಗಾಡಿ ಓಡಿಸುತ್ತಿದ್ದ. ಅರ್ಧ ದಾರಿಗೆ ಬಂದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಬಾಗ್ಲಾ ಬಡದಿದ್ದು ಯಾರವ್ವಾ?"

"ಪುಸ್ತಕ ಎಲ್ಲಾ ಖಾಲಿ ಆಗ್ಯಾವ್ರಿ ಭಾವಾರ. ತರಿಸಿ ಕೊಡ್ತೀನಿ."

ಶಿವರಾಜ ಕಿಟಕಿಯಾಚೆ ಮುಖ ತಿರುಗಿಸಿ ನಕ್ಕ. ಗಂಗಾಧರನೂ ನಕ್ಕ. "ತರಿಸು. ಮೊಬೈಲಿಗೆ ನಾ ಬ್ಯಾರೆ ಜಾಗ ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಅಂಬಿಕಾ ಬಾಗಿಲು ತೆರೆದವಳೇ ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಫೋನು ಹಚ್ಚಿದಳು. ಯಾವ ಗೈಡು ಬೇಕು ಎಂದು ಅವನು ಕೇಳಿದ.

"ಗೈಡಲ್ರಿ. ಕತಿ, ಕಾದಂಬರಿ. ನಿಮ್ಮಲ್ಲಿ ಇದ್ದಷ್ಟೂ."

"ಲಿಂಗಸೂಗೂರಿನ್ಯಾಗ ಅವನ್ನ ಯಾರು ಓದ್ತಾರ್ರೀ ಅಕ್ಕಾರ?"

ಹೊರಗೆ ಅಯ್ಯಪ್ಪ ಚಹಾ ಹಿಡಿದು ನಿಂತಿದ್ದ, ಅವನ ಹಿಂದೆ ಮಸ್ಕಿಯ ಬಸ್ಸಿನಿಂದ ಆಗಷ್ಟೇ ಇಳಿದ ಇಬ್ಬರು ಹೆಂಗಸರು. ಅಂಬಿಕಾ ಅವರಿಗೆ ಒಳಗೆ ಬರುವಂತೆ ಕೈ ಮಾಡಿ, ಇಡೀ ಓಣಿಗೆ ಕೇಳುವಂತೆ ಫೋನಿನಲ್ಲಿ ಹೇಳಿದಳು: "ನೀವು ಜಲ್ದಿ ಕಳಿಸ್ರಿ ಮೊದ್ಲ. ಗಿರಾಕಿ ಬಾಗ್ಲಾಗ ನಿಂತಾರ!"