ಮಾಗಡಿಯ ಕೊಂಡಿ ಕಳಚಿದ ದಿನ

ನಮ್ಮ ಆಸ್ಪತ್ರೆಯ ಸರ್ವರ್ ಕೋಣೆ ಮೊದಲು ಹಾಸಿಗೆ ಬಟ್ಟೆಗಳನ್ನು ಇಡುವ ಉಗ್ರಾಣವಾಗಿತ್ತು. ಈಗಲೂ ಬಾಗಿಲು ತೆಗೆದರೆ ಎಸಿಯ ತಣ್ಣನೆ ಗಾಳಿಯ ಜೊತೆಗೆ ಫಿನಾಯಿಲಿನ ವಾಸನೆ ಬರುತ್ತದೆ. ದೊಡ್ಡ ಆಸ್ಪತ್ರೆ ಇರುವುದು ರಾಮನಗರದಲ್ಲಿ. ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಒಂದೊಂದು ಸಣ್ಣ ಶಾಖೆ. ಈ ನಾಲ್ಕೂ ಊರಿನ ಕಂಪ್ಯೂಟರುಗಳನ್ನು ಸೇರಿಸಿರುವ ಜಾಲವನ್ನು ನೋಡಿಕೊಳ್ಳುವವಳು ನಾನು. ಜೊತೆಗೆ ಇನ್ನೊಬ್ಬರಿದ್ದರು. ಅವರು ಬೇರೆ ಕೆಲಸಕ್ಕೆ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ.

ಸರ್ವರಿನೊಳಗೆ ನಾವು ಡೈರೆಕ್ಟರಿ ಎನ್ನುವ ಒಂದು ವ್ಯವಸ್ಥೆ ಇದೆ. ಆಸ್ಪತ್ರೆಯ ಪ್ರತಿಯೊಬ್ಬ ಡಾಕ್ಟರು, ನರ್ಸು, ಗುಮಾಸ್ತರು, ಕೊನೆಗೆ ಪ್ರತಿಯೊಂದು ಪ್ರಿಂಟರು ಕೂಡ ಅದರಲ್ಲಿ ಒಂದು ಹೆಸರಾಗಿ ಇರಬೇಕು. ಬೆಳಿಗ್ಗೆ ಬಂದವರು ಕಂಪ್ಯೂಟರಿಗೆ ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟಾಗ, ಇವರು ಯಾರು, ಇವರಿಗೆ ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು ಎಂದು ಹೇಳುವುದು ಅದೇ. ಲ್ಯಾಬಿನವರಿಗೆ ಲ್ಯಾಬಿನದು, ಔಷಧದವರಿಗೆ ಔಷಧದ್ದು. ಯಾರಾದರೂ ವರ್ಗವಾದರೆ ಅವರ ಹೆಸರನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಸುತ್ತೇನೆ. ಕೆಲಸ ಬಿಟ್ಟರೆ ಅವರ ಬಾಗಿಲು ಮುಚ್ಚುತ್ತೇನೆ. ಕೇಳಲು ಸುಲಭ. ಆದರೆ ಅದು ಒಂದು ಗಳಿಗೆ ಮಾತಾಡದಿದ್ದರೆ ನಾಲ್ಕು ಊರುಗಳಲ್ಲಿ ಯಾರಿಗೂ ತಾವು ಯಾರೆಂದು ತೋರಿಸಿಕೊಳ್ಳಲು ಆಗುವುದಿಲ್ಲ.

ಆ ವರ್ಷ ಎಲ್ಲೋ ಒಂದು ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಕಳ್ಳರು ವೈರಸ್ ನುಗ್ಗಿಸಿ, ಹಣ ಕೊಡುವ ತನಕ ತೆರೆಯದಂತೆ ಬೀಗ ಹಾಕಿದ ಸುದ್ದಿ ಬಂದಿತ್ತು. ನಮ್ಮ ಆಡಳಿತಾಧಿಕಾರಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು, ಕನಕಪುರದ ಕಡೆಯವರು. ಮೀಟಿಂಗಿನಲ್ಲಿ ಎಲ್ಲರ ಎದುರಿಗೆ ನನ್ನನ್ನು ಕೇಳಿದರು. "ನಮ್ಗೂ ಹಂಗೇ ಆದ್ರೆ ಏನ್ ಮಾಡ್ತೀಯಮ್ಮ?" ಎಲ್ಲ ದಾಖಲೆಗಳ ನಕಲನ್ನು ಬೇರೆ ಕಡೆ ಇಟ್ಟಿದ್ದೇನೆ, ತೊಂದರೆ ಬಂದ ಶಾಖೆಯನ್ನು ಜಾಲದಿಂದ ತಕ್ಷಣ ಕಳಚುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಅಂದಿನಿಂದ ನನ್ನ ಫೋನು ಬಡಿದುಕೊಂಡಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಮೊದಲು ಅದನ್ನೇ ನೋಡುತ್ತಿದ್ದೆ. ಊಟಕ್ಕೆ ಕೂತಾಗ ಫೋನನ್ನು ಮಗುಚಿ ಇಡುತ್ತಿದ್ದೆ, ಆಮೇಲೆ ತಡೆಯಲಾರದೆ ತಿರುಗಿಸಿ ನೋಡುತ್ತಿದ್ದೆ.

ಮಾಗಡಿಯಿಂದ ಮೊದಲ ಫೋನು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬಿಲ್ಲಿಂಗಿನ ಕಂಪ್ಯೂಟರು ಒಳಗೆ ಬಿಡುತ್ತಿಲ್ಲ ಎಂದರು. ಪಾಸ್‌ವರ್ಡ್ ತಪ್ಪಿರಬೇಕು ಎಂದುಕೊಂಡೆ. ಕಾಫಿ ಮುಗಿಯುವುದರೊಳಗೆ ಔಷಧದ ಅಂಗಡಿಯಿಂದ ಅದೇ ದೂರು. ಆಮೇಲೆ ಹೊರರೋಗಿಗಳ ಕೌಂಟರಿನಿಂದ. ಆದರೆ ಡಾಕ್ಟರ ಕೋಣೆಯ ಕಂಪ್ಯೂಟರು ಚೆನ್ನಾಗಿಯೇ ಇತ್ತು. ಒಂದು ಕೆಡುವುದು, ಪಕ್ಕದ್ದು ಸರಿ ಇರುವುದು, ಸ್ವಲ್ಪ ಹೊತ್ತಿಗೆ ಅದೂ ಕೆಡುವುದು. ನಡೆಯುತ್ತಿದ್ದ ರೀತಿ ಅಂಟುಜಾಡ್ಯ ಹರಡಿದಂತಿತ್ತು.

ಬಿಲ್ಲಿಂಗಿನವರಿಗೆ ಫೋನಿನಲ್ಲೇ ಹೇಳಿಕೊಟ್ಟು ಅವರ ಕಂಪ್ಯೂಟರಿನ ವಿಳಾಸವನ್ನು ಓದಿಸಿದೆ. ಜಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಗಳ ಒಂದು ವಿಳಾಸ ಇರುತ್ತದೆ. ಕಂಪ್ಯೂಟರನ್ನು ಆನ್ ಮಾಡಿದಾಗ ಅದು 'ನನಗೊಂದು ವಿಳಾಸ ಕೊಡಿ' ಎಂದು ಕೇಳುತ್ತದೆ, ನಮ್ಮ ಸರ್ವರ್ ಕೊಡುತ್ತದೆ. ಅವರು ಓದಿದ ಅಂಕಿ ನಮ್ಮದಲ್ಲ. ಅಂದರೆ ಮಾಗಡಿಯ ಕಟ್ಟಡದೊಳಗೆ ಬೇರೆ ಯಾವುದೋ ಯಂತ್ರ ಕೂತು, ಬಂದು ಕೇಳಿದವರಿಗೆಲ್ಲ ಸುಳ್ಳು ವಿಳಾಸ ಹಂಚುತ್ತಿದೆ. ಬೇಕೆಂದೇ ಹೀಗೆ ಮಾಡುವವರಿದ್ದಾರೆ. ಎಲ್ಲರ ಮಾತೂ ತಮ್ಮ ಮೂಲಕವೇ ಹಾದುಹೋಗುವಂತೆ ಮಾಡಿ ಪಾಸ್‌ವರ್ಡುಗಳನ್ನು ಕದಿಯುತ್ತಾರೆ. ಆಮೇಲೆ ಬೀಗ.

ಆಡಳಿತಾಧಿಕಾರಿಗಳ ಕೋಣೆಗೆ ಓಡಿದೆ.

"ಕಳಚು ಮತ್ತೆ," ಎಂದರು ಅವರು.

"ಸರ್, ಕಳಚಿದ್ರೆ ಅಲ್ಲಿ ಸರಿಯಾಗಿರೋವೂ ನಿಂತೋಗ್ತವೆ. ಲ್ಯಾಬ್ ರಿಪೋರ್ಟ್ ಅಲ್ಲಿಗೆ ಹೋಗಲ್ಲ."

"ಕಳಚದಿದ್ರೆ?"

ಸರ್ವರ್ ಕೋಣೆಗೆ ಬಂದೆ. ಮಾಗಡಿಯ ಸ್ವಿಚ್ಚು, ಅಂದರೆ ಅಲ್ಲಿನ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಇಲ್ಲಿಂದಲೇ ನನ್ನ ಕಂಪ್ಯೂಟರಿನಲ್ಲಿ ನೋಡಲು ಸಿಗುತ್ತದೆ. ಅದರ ಒಂದೇ ಕೇಬಲನ್ನು ಕಳಚಬೇಕಾದರೆ ಮಾತ್ರ ಅಲ್ಲಿಗೇ ಹೋಗಬೇಕು. ಆ ಅಪರಿಚಿತ ಯಂತ್ರದ ಕೇಬಲು ಪೆಟ್ಟಿಗೆಯ ಯಾವ ಕಿಂಡಿಗೆ ಸಿಕ್ಕಿಸಿದೆ ಎಂದು ಗುರುತು ಮಾಡಿಕೊಂಡೆ. ಆಮೇಲೆ ಮಾಗಡಿಗೆ ಹೋಗುವ ಕೇಬಲನ್ನು ಹಿಡಿದು ನಿಂತೆ. ಅಷ್ಟರಲ್ಲಿ ಫೋನು ಬಡಿಯಿತು. ಮಾಗಡಿಯ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್. ವಿರೂಪಾಕ್ಷಿಪುರದ ಕಡೆ ಹುಟ್ಟಿದವರು. ನಾನು ಕೆಲಸಕ್ಕೆ ಸೇರುವ ಎಷ್ಟೋ ಮೊದಲಿನಿಂದ ಆ ವಾರ್ಡನ್ನು ನಡೆಸಿಕೊಂಡು ಬಂದವರು.

"ಮೇಡಂ, ಒಬ್ಳು ಬಸ್ರಿ ಹುಡ್ಗಿಗೆ ಬಿಪಿ ಏರೈತೆ. ರಕ್ತ ರಾಮನಗರಕ್ಕೆ ಕಳ್ಸಿವ್ನಿ. ರಿಪೋರ್ಟು ಕಂಪ್ಯೂಟರ್‌ನಾಗೆ ಬತ್ತಾನೇ ಇಲ್ಲ. ಡಾಕ್ಟ್ರು ಕಾಯ್ತಾವ್ರೆ."

"ಸಿಸ್ಟರ್, ಈಗ ಇಡೀ ಮಾಗಡಿಯನ್ನೇ ಕಳಚಬೇಕಾಗಿದೆ. ಲ್ಯಾಬಿನವರಿಗೆ ಫೋನ್ ಮಾಡಿ ಓದೋಕೆ ಹೇಳ್ತೀನಿ. ಬರ್ಕೊಳ್ತೀರಾ?"

"ಫೋನ್‌ನಾಗೆ ಅಂಕಿ ತೆಪ್ಪಾಯ್ತದೆ ಕಣಮ್ಮ," ಎಂದರು. ಆಮೇಲೆ, "ಆಗ್ಲಿ, ಬೇಗ ಮಾಡ್ಸಿ."

ಕೇಬಲನ್ನು ಎಳೆದೆ. ಹಸಿರು ದೀಪ ಆರಿತು. ಅಷ್ಟೇ. ಆದರೆ ಒಂದು ಊರಿನ ಕಾಯಿಲೆಯವರನ್ನೆಲ್ಲ ನನ್ನ ಕೈಯಾರೆ ಆಚೆಗೆ ತಳ್ಳಿದಂತೆ ಅನ್ನಿಸಿತು.

ರಕ್ತದ ಮಾದರಿಗಳನ್ನು ತಂದಿದ್ದ ವ್ಯಾನು ಮಾಗಡಿಗೆ ವಾಪಸು ಹೊರಟಿತ್ತು. ಲ್ಯಾಪ್‌ಟಾಪು ಹಿಡಿದುಕೊಂಡು ಹತ್ತಿದೆ. ಬಂಡೆಗಳ ನಡುವಿನ ಆ ರಸ್ತೆಯಲ್ಲಿ ಸಿಗ್ನಲ್ಲು ಬಂದು ಹೋಗಿ ಮಾಡುತ್ತದೆ. ಬಂದಾಗಲೆಲ್ಲ ಲ್ಯಾಬಿಗೆ ಫೋನು ಮಾಡಿ, ಓದಿದಿರಾ, ಓದಿದಿರಾ ಎಂದು ಕೇಳಿದೆ. ಓದಿ ಆಯಿತು, ಆ ಸಿಸ್ಟರ್ ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಹೇಳಿಸಿ, ತಾವು ತಿರುಗಿ ಹೇಳಿ, ಹೌದೆನ್ನಿಸಿಕೊಂಡೇ ಬಿಟ್ಟರು ಎಂದು ಲ್ಯಾಬಿನವರು ಸ್ವಲ್ಪ ಬೇಸರದಿಂದಲೇ ಹೇಳಿದರು. ನನಗೆ ಸ್ವಲ್ಪ ಉಸಿರು ಬಂತು. ಆದರೆ ಮುಂದಿನ ತಿರುವಿನಲ್ಲಿ ಮತ್ತೆ ಅದೇ ಯೋಚನೆ. ಆ ಯಂತ್ರ ಇಟ್ಟವರು ಯಾರು? ಇನ್ನೂ ಅಲ್ಲೇ ಇರುತ್ತಾರಾ? ನಾನು ಕಳಚುವ ಮೊದಲೇ ರಾಮನಗರದೊಳಕ್ಕೆ ಏನಾದರೂ ಬಂದುಬಿಟ್ಟಿದ್ದರೆ?

ನಾವು ಗೇಟಿನೊಳಗೆ ಹೋಗುವಾಗ ಆಂಬ್ಯುಲೆನ್ಸ್ ಹೊರಡುತ್ತಿತ್ತು. ಬಿಪಿ ಏರಿದ್ದ ಹುಡುಗಿಯ ರಕ್ತದಲ್ಲಿ ಪ್ಲೇಟ್ಲೆಟ್ಟು ಬಹಳ ಕಡಿಮೆ ಇತ್ತಂತೆ. ಡಾಕ್ಟರು ತಡಮಾಡದೆ ರಾಮನಗರಕ್ಕೆ ಕಳಿಸುತ್ತಿದ್ದರು. ಹಿಂದಿನ ಬಾಗಿಲಲ್ಲಿ ಸಿಸ್ಟರ್ ಕೂತಿದ್ದರು, ಒಂದು ಕೈ ಹುಡುಗಿಯ ಭುಜದ ಮೇಲೆ. ನನ್ನನ್ನು ಕಂಡು, "ನೀವು ಇಲ್ಲಿದ್ ನೋಡ್ಕಳಿ ಮೇಡಂ, ನಾನು ಇವ್ಳ ಜೊತೆ ವೋಯ್ತೀನಿ," ಎಂದರು. ಬಾಗಿಲು ಮುಚ್ಚಿತು.

ಒಳಗೆ ಎಲ್ಲರೂ ಕೈಯಲ್ಲಿ ಬರೆಯುತ್ತಿದ್ದರು. ಬಿಲ್ಲಿಂಗಿನ ಮುಂದೆ ಸಾಲು ಬಾಗಿಲ ತನಕ ಬೆಳೆದಿತ್ತು. ನಾನು ಯಾರ ಮುಖವನ್ನೂ ನೋಡದೆ ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಹತ್ತಿರ ಹೋಗಿ, ಗುರುತು ಮಾಡಿಕೊಂಡಿದ್ದ ಕಿಂಡಿಯ ಕೇಬಲನ್ನು ಹಿಡಿದುಕೊಂಡೆ. ಅದಕ್ಕೆ ಹೆಸರಿನ ಚೀಟಿ ಇರಲಿಲ್ಲ. ಗೋಡೆಯುದ್ದಕ್ಕೂ ಬೆರಳಿಟ್ಟು ಅದರ ಹಿಂದೆಯೇ ನಡೆದೆ. ಅದು ಮೇಲಕ್ಕೆ ಏರಿತು, ಔಷಧದ ಕೋಣೆಯನ್ನು ದಾಟಿತು, ಹೆರಿಗೆ ವಾರ್ಡಿನೊಳಗೆ ಹೋಯಿತು. ಕೊನೆಯ ಮಂಚದ ಪಕ್ಕ ಒಂದು ಬೀರು, ಅದರ ಹಿಂದೆ ಗೋಡೆಯಲ್ಲಿ ಕೇಬಲು ಸಿಕ್ಕಿಸುವ ಒಂದು ಕಿಂಡಿ. ಬೀರುವಿನ ಮರೆಯಲ್ಲಿ ಸ್ಟೂಲಿನ ಮೇಲೆ ಮನೆಯಲ್ಲಿ ಬಳಸುವ ಒಂದು ವೈಫೈ ಡಬ್ಬಿ, ಎರಡು ಕೊಂಬು ನಿಮಿರಿಸಿಕೊಂಡು ಮಿಣುಗುಟ್ಟುತ್ತಿತ್ತು. ಅದರ ಕೆಳಗೆ ಯಾರೋ ನೀಟಾಗಿ ಮಡಿಸಿದ ಹತ್ತಿಬಟ್ಟೆ ಹಾಸಿದ್ದರು.

ಮಂಚದ ಮೇಲೆ ಒಬ್ಬ ಬಾಣಂತಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಗುಡೇಮಾರನಹಳ್ಳಿಯವಳಂತೆ. ನಾನು ಡಬ್ಬಿಯನ್ನು ನೋಡುತ್ತ ನಿಂತಿದ್ದನ್ನು ಕಂಡು ಅವಳೇ ಮಾತಾಡಿದಳು.

"ಅದು ಸಿಸ್ಟರಮ್ಮ ಅವ್ರ ಮನೆಯಿಂದ ತಂದಿಟ್ರು ಅಕ್ಕ. ಇಲ್ಲಿ ಸಿಗ್ನಲ್ಲೇ ಸಿಗಕಿಲ್ಲ. ನಮ್ಮೆಜಮಾನ್ರು ಬಿಡದಿ ಫ್ಯಾಕ್ಟ್ರೀಲವ್ರೆ, ರಜಾ ಸಿಗ್ನಿಲ್ಲ. ಮಗಾನ ವೀಡಿಯೋದಾಗೆ ತೋರ್ಸುದ್ರು. ನಿನ್ನೆ ಸಂಜೆ."

ಅವಳು ಹೇಳಿದ್ದು ಸಂತೋಷದಿಂದ. ನಾನು ಡಬ್ಬಿಯ ಕೇಬಲನ್ನು ಕಿತ್ತೆ. ಅಷ್ಟು ಹೊತ್ತು ನನ್ನ ಕಣ್ಣ ಮುಂದೆ ಇದ್ದ ಕಳ್ಳನಿಗೆ ಮುಖವೇ ಇರಲಿಲ್ಲ. ಈಗ ಆಂಬ್ಯುಲೆನ್ಸಿನ ಬಾಗಿಲಲ್ಲಿ ಕಂಡ ಮುಖ ಬಂದು ಅಲ್ಲಿ ಕೂತಿತು.

ಒಂದೊಂದೇ ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಒಳಗೆ ಬೇರೇನೂ ಸೇರಿಲ್ಲವೆಂದು ನೋಡಿಕೊಂಡೆ. ಆಮೇಲೆ ಆಡಳಿತಾಧಿಕಾರಿಗಳಿಗೆ ಫೋನು ಮಾಡಿ, ಕೇಬಲನ್ನು ಮತ್ತೆ ಸಿಕ್ಕಿಸಲು ಹೇಳಿದೆ.

"ವೈರಸ್ ಅಲ್ಲ ಸರ್. ಯಾರೋ ಒಂದು ವೈಫೈ ಡಬ್ಬಿ ಸಿಕ್ಕಿಸಿದ್ರು. ಅದು ತಪ್ಪು ವಿಳಾಸ ಹಂಚ್ತಿತ್ತು."

"ಯಾರು?"

"ಬಂದು ಹೇಳ್ತೀನಿ ಸರ್."

"ಹೆಸ್ರು ಹೇಳೋಕೆ ಬರೋದ್ಯಾಕಮ್ಮ?" ಎಂದು ಅವರು ಫೋನಿಟ್ಟರು.

ವಾಪಸು ಬರುವಾಗ ಡಬ್ಬಿ ನನ್ನ ಮಡಿಲಲ್ಲಿತ್ತು. ಹೆಸರು ಹೇಳಿದರೆ ಅವರ ಕೆಲಸ ಹೋಗಬಹುದು. ಹೇಳದಿದ್ದರೆ ನಾನು ಸುಳ್ಳು ಹೇಳಿದಂತೆ, ಜೊತೆಗೆ ನಾಳೆ ಇನ್ನೊಬ್ಬರು ಇದನ್ನೇ ಮಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹುಡುಗಿಗೆ ಏನಾದರೂ ಆಗಿದ್ದರೆ ಎನ್ನುವ ಯೋಚನೆ. ಆಗಿದ್ದರೆ ಅದು ಡಬ್ಬಿ ಇಟ್ಟವರಿಂದಲೋ, ಕೊಂಡಿ ಕಳಚಿದವಳಿಂದಲೋ? ಅಷ್ಟರಲ್ಲಿ ರಾಮನಗರ ಬಂತು.

ಸಿಸ್ಟರ್ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಹುಡುಗಿ ಒಳಗಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಅವರು ಹುಬ್ಬೇರಿಸಿದರು.

"ಅದ್ಯಾಕ್ ತಂದ್ಬುಟ್ರಿ? ಅದು ನಮ್ಮನೇದು."

ಪಕ್ಕದಲ್ಲಿ ಕೂತು ಹೇಳಿದೆ. ಈ ಡಬ್ಬಿ ವೈಫೈ ಕೊಡುವುದಷ್ಟೇ ಅಲ್ಲ, ಕೇಳಿದವರಿಗೆ ವಿಳಾಸವನ್ನೂ ಕೊಡುತ್ತದೆ. ರಾತ್ರಿ ಆರಿಸದೆ ಬಿಟ್ಟಿದ್ದ ಕಂಪ್ಯೂಟರುಗಳು ಹಳೆಯ ವಿಳಾಸದಲ್ಲೇ ನಡೆದವು, ಬೆಳಿಗ್ಗೆ ಆನ್ ಮಾಡಿದವಕ್ಕೆಲ್ಲ ನಮ್ಮ ಸರ್ವರಿಗಿಂತ ಮೊದಲು ಇದೇ ಉತ್ತರ ಕೊಟ್ಟಿತು. ಆಮೇಲೆ ಅವು ಡೈರೆಕ್ಟರಿ ಎಲ್ಲಿದೆ ಎಂದು ಇದನ್ನೇ ಕೇಳಿದವು. ಇದಕ್ಕೆ ಗೊತ್ತಿರಲಿಲ್ಲ.

ಅವರು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಅಂಗಾದ್ರೆ ಈ ಹುಡ್ಗಿ ರಿಪೋರ್ಟು ನಿಂತೋಗಿದ್ದು ನನ್ ದೆಸೆಯಿಂದ್ಲೇ?"

"ನಿಮಗೆ ಗೊತ್ತಿರಲಿಲ್ಲ ಸಿಸ್ಟರ್."

"ಗೊತ್ತಿರ್ನಿಲ್ಲ ಸರಿ. ಆದ್ರೂ ಒಂದ್ ಮಾತು ಕೇಳ್ಬೋದಿತ್ತು ನಾನು."

ಇಬ್ಬರೂ ಬಾಗಿಲನ್ನೇ ನೋಡುತ್ತ ಕೂತೆವು. ಒಳಗೆ ಯಾರೋ ತಟ್ಟೆ ಇಟ್ಟ ಸದ್ದಾದರೂ ಅವರು ಅರ್ಧ ಏಳುತ್ತಿದ್ದರು. ಕೊನೆಗೆ ನರ್ಸೊಬ್ಬಳು ಹೊರಗೆ ಬಂದು, ಹೆಣ್ಣು ಮಗು, ತೂಕ ಸ್ವಲ್ಪ ಕಡಿಮೆ, ತಾಯಿಗೆ ರಕ್ತ ಕೊಡುತ್ತಿದ್ದಾರೆ, ಭಯವಿಲ್ಲ ಎಂದಳು. ಸಿಸ್ಟರ್ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. ಆಮೇಲೆ ನನ್ನ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು, "ಸಾಹೇಬ್ರ ರೂಮು ಎಲ್ಲೈತೆ ತೋರ್ಸಿ," ಎಂದರು.

ಆಡಳಿತಾಧಿಕಾರಿಗಳು ಮೊದಲು ಬಹಳ ಕೋಪ ಮಾಡಿದರು. ಕನಕಪುರಕ್ಕೆ ವರ್ಗ ಮಾಡುತ್ತೇನೆ ಎಂದರು. ಸಿಸ್ಟರ್ ತಲೆ ತಗ್ಗಿಸಿ ನಿಂತಿದ್ದರು, ಒಂದೂ ಸಬೂಬು ಹೇಳಲಿಲ್ಲ. ನಡುವೆ ಬಾಯಿ ಹಾಕುವ ಹೊತ್ತಲ್ಲ ಅದು. ಆದರೂ ಹೇಳಿದೆ.

"ಸರ್, ಯಾರೂ ಬಳಸ್ದೆ ಇದ್ರೂ ಗೋಡೆಯ ಆ ಕಿಂಡೀಲಿ ಲೈನ್ ಬರ್ತಿತ್ತು. ಬಳಸದ ಕಿಂಡಿಗಳನ್ನೆಲ್ಲ ಮುಚ್ಚಬೇಕು. ಅದಕ್ಕೆ ಇನ್ನೊಬ್ಬರು ಬೇಕು ಅಂತ ಕೇಳ್ತಾನೇ ಇದ್ದೀನಿ. ಆ ವಾರ್ಡಿನಲ್ಲಿ ಸಿಗ್ನಲ್ ಇಲ್ಲ ಅನ್ನೋದೂ ನಿಜ. ರೋಗಿಗಳ ಕಡೆಯವರಿಗೆ ಅಂತ ಬೇರೆ ಲೈನ್ ಕೊಟ್ರೆ ಯಾರೂ ಮನೆಯಿಂದ ಡಬ್ಬಿ ತರಲ್ಲ."

ಅವರು ನನ್ನನ್ನು ನೋಡಿದರು, ಆಮೇಲೆ ಸಿಸ್ಟರನ್ನು. "ಆ ಹುಡ್ಗಿ ಹೆಂಗವ್ಳೆ?" ಎಂದು ಕೇಳಿದರು.

"ಉಳ್ಕಂಡ್ಳು ಸಾ," ಎಂದರು ಸಿಸ್ಟರ್.

ಸಿಸ್ಟರಿಗೆ ಮೆಮೊ, ಅಂದರೆ ಲಿಖಿತ ಎಚ್ಚರಿಕೆ, ಕೊಟ್ಟರು. ವರ್ಗದ ಮಾತು ಮತ್ತೆ ಬರಲಿಲ್ಲ. ನನಗೆ ಸಹಾಯಕರು ಬರುವುದು ಬಹಳ ತಡವಾಯಿತು. ಕಿಂಡಿಗಳನ್ನು ಭಾನುವಾರಗಳಂದು ಒಂದೊಂದು ಊರಿಗೆ ಹೋಗಿ ನಾನೇ ಮುಚ್ಚಿದೆ. ಪ್ರತಿ ಕೇಬಲಿಗೂ ಹೆಸರಿನ ಚೀಟಿ ಅಂಟಿಸಿದೆ. ಮಾಗಡಿಯ ವಾರ್ಡಿಗೆ ಬೇರೆ ಲೈನು ಬಂದದ್ದು ಅಂದಿನ ಬಾಣಂತಿಯರೆಲ್ಲ ಮನೆಗೆ ಹೋಗಿ ಎಷ್ಟೋ ತಿಂಗಳಾದ ಮೇಲೆ.

ಸಿಸ್ಟರ್ ಕೆಲವು ಕಾಲ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದರು. ನನಗದರಿಂದ ನೋವಾಗುತ್ತಿತ್ತು, ಆದರೆ ಕೇಳುವ ಧೈರ್ಯವಾಗಲಿಲ್ಲ. ಒಂದು ದಿನ ಮಧ್ಯಾಹ್ನ ಅವರ ಫೋನು ಬಂತು. ಹೆಸರು ಕಂಡ ಕೂಡಲೇ ಬಿಚ್ಚುತ್ತಿದ್ದ ಬುತ್ತಿಯನ್ನು ಪಕ್ಕಕ್ಕೆ ಸರಿಸಿ ಎತ್ತಿಕೊಂಡೆ.

"ಮೇಡಂ, ಏನೂ ಕೆಟ್ಟಿಲ್ಲ, ಎದ್ರುಕೋಬ್ಯಾಡಿ," ಎಂದೇ ಅವರು ಮಾತು ಶುರುಮಾಡಿದರು. "ವಾರ್ಡಿಗೆ ಹೊಸ ನರ್ಸು ಬಂದವ್ಳೆ. ಹೆಸ್ರು ಸೇರ್ಸಿ. ಅವ್ಳಿಗೆ ಯಾವ್ದು ಮುಟ್ಬೋದು, ಯಾವ್ದು ಮುಟ್ಬಾರ್ದು ಅಂತ ನಾನೇ ಯೋಳ್ಕೊಟ್ಟಿವ್ನಿ."

ಹೆಸರನ್ನು ಎರಡು ಸಲ ಕೇಳಿ ಸೇರಿಸಿದೆ. ಕಂಪ್ಯೂಟರು ಒಳಗೆ ಬಿಟ್ಟಿತೇ ಎಂದು ಕೇಳಿದೆ. ಬಿಟ್ಟಿತು ಎಂದರು. ಆಮೇಲೆ ಊಟವಾಯಿತೇ ಎಂದು ಅವರು ಕೇಳಿದರು. ಇನ್ನೂ ಇಲ್ಲ ಎಂದೆ.